ಮೊದಲ ಸಲದವರಿಗೆ

ಮೊದಲ ಕರಡಿನಲ್ಲಿ ನಾನು ಬರೆದದ್ದು ಇಷ್ಟು:
'ಆಡ್-ಆನ್ ಇಳಿಸಿಕೊಳ್ಳಿ. ಫೋಲ್ಡರ್ ತೋರಿಸಿ.
ಸರ್ವರ್ ರೀಸ್ಟಾರ್ಟ್ ಮಾಡಿ. ಅಷ್ಟೇ.'

ಆ 'ಅಷ್ಟೇ' ಬರೆಯುವಾಗ ಕುರೆಸ್ಸಾರೆಯಲ್ಲಿ ಮಧ್ಯಾಹ್ನ ಮೂರೂವರೆ,
ಆಗಲೇ ಕತ್ತಲು, ಬಂದರಿನ ದೀಪ ಹತ್ತಿತ್ತು.
ತಾರ್ತುವಿನಿಂದ ಕಾರ್ಮೊ ಉತ್ತರಿಸಿದ:
'ಚುಟುಕಾಗಿದೆ. ಮುಗಿಯಿತು ಬಿಡು.'
ಎರಡು ವರ್ಷ ರಾತ್ರಿ ನಿದ್ದೆಗೆಟ್ಟು ಅದನ್ನು ಕಟ್ಟಿದವನು.
ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಎಂದು ಅವನ ಅಂಬೋಣ.
ನಿಜವೇ. ಹುಣ್ಣು ಇದ್ದದ್ದು ಅವನ ಅಂಗೈಯಲ್ಲಿ.

ಆ ಒಂದು ಹಾಳೆಯನ್ನು ಪಕ್ಕದ ಮನೆಯ ಹೆಲ್ಯುಗೆ ಕೊಟ್ಟು ಬಂದೆ.
ಎಪ್ಪತ್ನಾಲ್ಕು ವರ್ಷ. ಮೂವತ್ತೊಂದು ವರ್ಷ ಭೂಗೋಳ ಕಲಿಸಿದವಳು;
ಭೂಪಟದ ಮುಂದೆ ನಿಂತರೆ ಈಗಲೂ ಅವಳ ಕೈ ಕೋಲು ಹುಡುಕುತ್ತದೆ.
ಶಾಲೆಯ ಗೊಂಬೆಯಾಟಗಳ ನಲವತ್ತು ಕ್ಯಾಸೆಟ್ಟು
ಯಾರೋ ಹುಡುಗ ಒಂದು ಹಳೆಯ ಲ್ಯಾಪ್‌ಟಾಪಿಗೆ ತುಂಬಿಕೊಟ್ಟಿದ್ದ.
ಅದು ಒಲೆಯ ಹಿಂದೆ, ಹೆಣೆದ ಚೌಕದ ಮೇಲೆ,
ಬೆಕ್ಕಿಗಿಂತ ಮೆತ್ತಗೆ ಗುರುಗುಡುತ್ತಿತ್ತು.
ಅದೇ ಸರ್ವರ್. ಹಾಗೆಂದು ಅವಳಿಗೆ ಯಾರೂ ಹೇಳಿರಲಿಲ್ಲ,
ನನ್ನ ಹಾಳೆಯೂ.

ಬೆಳಿಗ್ಗೆ ಹೋದರೆ ಮನೆ ತುಂಬ ಕತ್ತಲು.
ಹೆಲ್ಯು ಕೋಟು ತೊಟ್ಟು ಮೇಣದಬತ್ತಿಯೆದುರು ಕೂತಿದ್ದಾಳೆ,
ಹಾಳೆ ಮಡಿಲಲ್ಲಿ, ಪರೀಕ್ಷೆಗೆ ಕೂತ ಹುಡುಗಿಯ ಹಾಗೆ.
'ಎಲ್ಲದಕ್ಕೂ ಮೂಲ ಫ್ಯೂಸಿನ ಪೆಟ್ಟಿಗೆ ತಾನೇ?
ಅದನ್ನೇ ಕೆಳಗೆಳೆದೆ.
ಮತ್ತೆ ಮೇಲೆತ್ತಬೇಕೆಂದು ನೀನು ಬರೆದಿಲ್ಲ.'

ಬರೆದಿರಲಿಲ್ಲ.

ಫ್ರೀಜರಿನಿಂದ ನೀರು ಜಿನುಗಿ ಅಡುಗೆಮನೆಯ ನೆಲದಲ್ಲಿ
ಒಂದು ಸಣ್ಣ ಕೊಲ್ಲಿಯಾಗಿತ್ತು. (ಅವಳ ಮಾತು, ನನ್ನದಲ್ಲ.)
ಬೇಸಿಗೆಯಿಡೀ ಕೂಡಿಟ್ಟ ಹದಿನೆಂಟು ಚಪ್ಪಟೆ ಮೀನು ಕರಗಿದ್ದವು.
ಬೈಗುಳಕ್ಕೆ ಕಾದೆ.
ಅವಳು ಬಾಣಲೆ ತೆಗೆದಳು.

ಆ ದಿನ ಬೀದಿಯವರೆಲ್ಲ ಮೀನು ತಿಂದರು.
ಅಂಚೆಯ ವೈನೊ ನಾಲ್ಕು ತಿಂದ. ಎಣ್ಣೆಗೈಯಲ್ಲೇ
ನಾವಿಬ್ಬರು ಹಾಳೆಯನ್ನು ಮೊದಲಿಂದ ಓದಿದೆವು,
ಒಂದೊಂದು ಸಾಲಿಗೂ ಅವಳದೊಂದು ಪ್ರಶ್ನೆ.

ಕಡತದ ಹೆಸರಿನ ಮುಂದೆ ವರ್ಷ ಬೇಕು, ನಾಲ್ಕು ಅಂಕಿ, ಎಂದೆ.
'ಇದು ಹಿಮರಸ್ತೆ ಬಿರುಕುಬಿಟ್ಟ ವರ್ಷದ್ದು.
ನರಿಯ ಬಾಲ ಕಿತ್ತುಬಂದಾಗ ನಗು ತಡೆಯಲಾಗದೆ
ಪರದೆಯ ಹಿಂದೆ ಉರ್ವೆ ಉಚ್ಚೆ ಹೊಯ್ದುಕೊಂಡ ವರ್ಷ.'
ಯಂತ್ರಕ್ಕೆ ಅದು ಅರ್ಥವಾಗುವುದಿಲ್ಲ.
'ಗೊತ್ತಿಲ್ಲದಿದ್ದರೆ ಊಹಿಸಿ' ಎಂದು ಬರೆದೆ,
'ಆಮೇಲೆ ತಿದ್ದಬಹುದು.'

ಐದನೆಯ ಸಾಲಿಗೆ ಬಂದಾಗ ಪರದೆಯ ಮೇಲೆ ಚಕ್ರ ಸುತ್ತತೊಡಗಿತು.
'ಎಷ್ಟು ಹೊತ್ತು ಕಾಯಬೇಕು?'
ಅದು ಡಿಸ್ಕಿನ ವೇಗ, ಕಡತಗಳ ಸಂಖ್ಯೆ, ಮತ್ತು...
ಅವಳು ಕೇಳುತ್ತಿರಲಿಲ್ಲ. ಆಲೂಗಡ್ಡೆ ಒಲೆಗಿಟ್ಟಿದ್ದಳು.
ಅವು ಬೆಂದವು. ಚಕ್ರ ನಿಂತಿತು.

ಈಗ ಅಲ್ಲಿ ಹೀಗಿದೆ:
'ಏನೂ ಆಗುತ್ತಿಲ್ಲವೆಂದು ಅನ್ನಿಸುತ್ತದೆ. ಆಗುತ್ತಿದೆ.
ಆಲೂಗಡ್ಡೆ ಬೇಯುವಷ್ಟು ಹೊತ್ತು ಕಾಯಿರಿ.
ಯಾವುದನ್ನೂ ಮುಟ್ಟಬೇಡಿ.'
ಕಾರ್ಮೊ ಕೇಳಿದ, ಯಾವ ಗಾತ್ರದ ಆಲೂಗಡ್ಡೆ?
ತಮಾಷೆಗೋ ಏನೋ, ತಿಳಿಯಲಿಲ್ಲ. 'ಮಧ್ಯಮ' ಎಂದು ಸೇರಿಸಿದೆ.

ಒಂದು ಪುಟ ಹನ್ನೊಂದಾಯಿತು.
'ಸರ್ವರ್ ಎಂದರೆ' ಎಂದು ಶುರುವಾಗುತ್ತದೆ,
'ನಿಮ್ಮ ಮನೆಯಲ್ಲೇ ಎಲ್ಲೋ ಒಂದು ಕಡೆ
ಸದಾ ಹೊತ್ತಿಕೊಂಡಿರುವ ಕಂಪ್ಯೂಟರು. ಮೊದಲು ಅದನ್ನು ಹುಡುಕಿ.
ಒಲೆಯ ಹಿಂದೆಯೂ ನೋಡಿ.'
'ಅಷ್ಟೇ' ಎಲ್ಲೂ ಇಲ್ಲ. ಮೂರು ಸಲ ಹುಡುಕಿ ಅಳಿಸಿದ್ದೇನೆ.

ತಿದ್ದುವುದೆಂದರೆ ತಪ್ಪು ಸರಿಪಡಿಸುವುದು
ಎಂದುಕೊಂಡಿದ್ದೆ ಇಷ್ಟು ದಿನ.
ಬರೆದ ಅಕ್ಷರದ ಮೇಲೆಯೇ ಬೆರಳಿಟ್ಟು
ಮತ್ತೆ ಮತ್ತೆ ಎಳೆಯುತ್ತಾರಲ್ಲ ಮಕ್ಕಳು,
ಅದಕ್ಕೂ ಅದೇ ಮಾತು.

ನಿನ್ನೆ ರಾತ್ರಿ ಅವಳ ಕಿಟಕಿಯಲ್ಲಿ ನೀಲಿ ಬೆಳಕಿತ್ತು.
ಬಾಲವಿಲ್ಲದ ನರಿ ಬಗ್ಗಿ ನಮಸ್ಕರಿಸುತ್ತಿತ್ತು,
ಪರದೆಯ ಹಿಂದಿನಿಂದ ಯಾರದೋ ತಡೆಯಲಾಗದ ನಗು.
ಮೂಲೆಯಲ್ಲಿ ವರ್ಷ: ೧೯೮೭.
ಅದು ತಪ್ಪು ಎಂದು ಬೆಳಿಗ್ಗೆ ಹೆಲ್ಯುವೇ ಹೇಳಿದಳು.
ತಿದ್ದುವುದು ಹೇಗೆಂದು ಒಂಬತ್ತನೆಯ ಪುಟದಲ್ಲಿದೆಯಂತೆ.